ಭೂಗೋಳದ ಮೇಷ್ಟ್ರು

ಭಾನುವಾರ, 2 ಮಾರ್ಚ್ 2025

ಹಳೆ ವಿದ್ಯಾರ್ಥಿಗಳ ಕೂಟದ ಖರ್ಚು, ಇವತ್ತಿನವರೆಗೆ: ವೆಸ್ಟ್‌ಲ್ಯಾಂಡ್ಸ್‌ನ ಹಾಲ್‌ಗೆ ಅಡ್ವಾನ್ಸು. ಊಟದವನಿಗೆ ಅರ್ಧ. ಬದುಕಿರುವ ಮೇಷ್ಟ್ರುಗಳಿಗೆ ಶಾಲು — ಬದುಕಿರುವುದು ಜಯಲಕ್ಷ್ಮಿ ಟೀಚರ್ ಒಬ್ಬರೇ, ಹಾಗಾಗಿ ಒಂದೇ ಶಾಲು. ಅಷ್ಟು ಉಳಿತಾಯ. ಜೊತೆಗೆ ನನ್ನ ನಿದ್ದೆ. ಅದರ ರೇಟು ಗೊತ್ತಿಲ್ಲ.

ಖಜಾಂಚಿ ನಾನು. ಆಫ್ರಿಕಾದ ಈ ನ್ಗಾರಾ ಪೇಟೆಯಲ್ಲಿ ಇಷ್ಟು ವರ್ಷ ನಟ್ಟು-ಬೋಲ್ಟು ಮಾರಿದವನನ್ನು ಬಿಟ್ಟು ಇನ್ಯಾರ ಕೈಗೆ ದುಡ್ಡು ಕೊಡುತ್ತಾರೆ? ಅದರ ಮೇಲೆ ಇನ್ನೊಂದು ಕೆಲಸ — ನಮ್ಮ ಅರವತ್ತೆಂಟರ ಬ್ಯಾಚಿಗೆ ಯಾರು ಯಾವ ಪಾಠ ಮಾಡಿದರು ಅಂತ ಬರೆದುಕೊಡುವುದು. ಸ್ಕ್ರೀನ್ ಮೇಲೆ ತೋರಿಸುತ್ತಾರಂತೆ. "ಪುರುಷಿಗೆ ಎಲ್ಲಾ ನೆನಪಿರತ್ತೆ ಬಿಡ್ರೋ" ಅಂದ ಕಮಿಟಿಯ ರಾಜೀವ, ನನ್ನನ್ನು ತೋರಿಸಿ.

ಗಣಿತ — ಜಯಲಕ್ಷ್ಮಿ ಟೀಚರ್. ಇಂಗ್ಲಿಷ್ — ಮಿಸೆಸ್ ಪಿಂಟೋ. ಫಿಸಿಕ್ಸ್ — ಭಟ್ಟರು, ಫ್ಯೂಸ್ ಹಾರಿಸುವುದರಲ್ಲಿ ಎತ್ತಿದ ಕೈ. ಕಾರ್ಪೆಂಟ್ರಿ — ಹರ್ನಾಮ್ ಸಿಂಗ್. ಪಿ.ಟಿ. — ಪೀಟರ್ ಸರ್. ಭೂಗೋಳ —

ಭೂಗೋಳ ಯಾರು?

ಬುಧವಾರ, 5 ಮಾರ್ಚ್

ಬರುತ್ತಿಲ್ಲ. ಕ್ಲಾಸ್‌ರೂಮ್ ಕಣ್ಣಿಗೆ ಕಟ್ಟಿದ ಹಾಗಿದೆ. ಬೆಂಚು, ಕಿಟಕಿ, ಬೋರ್ಡಿನ ಪಕ್ಕ ನೇತಾಡುವ ಆಫ್ರಿಕಾ ಮ್ಯಾಪು, ಮೂಲೆ ಹರಿದದ್ದು. ಮ್ಯಾಪಿನ ಮುಂದೆ ಮನುಷ್ಯನಿಲ್ಲ. ಮುಖ ಇಲ್ಲ, ದನಿ ಇಲ್ಲ, ಬೂಟು ಕೂಡ ಇಲ್ಲ.

ಅಪ್ಪನಿಗೂ ಹೀಗೇ ಶುರುವಾಗಿತ್ತು. ಮೊದಲು ಪಕ್ಕದ ಮನೆಯವರ ಹೆಸರು. ಆಮೇಲೆ ಬೀದಿ. ಕಡೆಗೆ ಒಂದು ಬೆಳಗ್ಗೆ ಕಾಫಿ ಕೊಟ್ಟರೆ, ಬಹಳ ಮರ್ಯಾದೆಯಿಂದ — "ತಾವು ಯಾವ ಕಡೆಯವರು?" ಅಪ್ಪ ನನ್ನನ್ನು ಬಹುವಚನದಲ್ಲಿ ಮಾತಾಡಿಸಿದ್ದು ಅದೊಂದೇ ಸಲ. ಅಷ್ಟರಲ್ಲಿ ಯಾರ್ಯಾರಿಗೋ ಸೈನ್ ಹಾಕಿಕೊಟ್ಟಿದ್ದರು. ಮೊದಲಿನ ಅಂಗಡಿ ಹೋದದ್ದು ಹಾಗೆ.

ಟೀಚರನ್ನು ಕೇಳಬಹುದು. ಕೇಳಿದರೆ, ನನ್ನ ತಲೆ ಹೋಗುತ್ತಿದೆ ಅಂತ ಮೊದಲು ತಿಳಿಯುವುದು ಅವರಿಗೇ.

ಭಾನುವಾರ, 9 ಮಾರ್ಚ್

ರಾಜೀವನ ಕಿಲೆಲೆಶ್ವಾ ಫ್ಲ್ಯಾಟ್‌ನಲ್ಲಿ ಕಮಿಟಿ ಮೀಟಿಂಗು. ನಾವು ನಾಲ್ವರು — ಬ್ಯಾಂಕ್‌ನಿಂದ ರಿಟೈರ್ ಆದ ರಾಜೀವ, ಫಾರ್ಮಸಿಯ ಚಕ್ರಪಾಣಿ, ಚರ್ಚ್ ಕ್ವಾಯರಿನ ಮೆಲ್ವಿನ್, ನಾನು. ಭೂಗೋಳದ ಜಾಗ ಖಾಲಿ ಬಿಟ್ಟು ಪಟ್ಟಿ ಓದಿದೆ, ಯಾರಾದರೂ ತುಂಬಲಿ ಅಂತ.

ರಾಜೀವ ಕನ್ನಡಕ ಒರೆಸಿಕೊಂಡ, ಚಕ್ರಪಾಣಿ ಇನ್ನೊಂದು ಬಿಸ್ಕತ್ತು ಮುರಿದ. ಆಮೇಲೆ ಮೆಲ್ವಿನ್ — "ಅವರೇ ಅಲ್ವಾ ಮಾರಾಯ, ಡೇವಿಸ್. ಮಿಸ್ಟರ್ ಡೇವಿಸ್!"

"ಡೇವಿಸ್ಸೇ," ಅಂದ ರಾಜೀವ. "ಎತ್ತರದ ಆಳು. ಗ್ಲೋಬನ್ನ ಒಂದು ಬೆರಳಲ್ಲಿ ತಿರುಗಿಸೋರು."

ಚಕ್ರಪಾಣಿ ಅಂಗೈ ಉಜ್ಜಿಕೊಂಡ. "ಮಡಗಾಸ್ಕರ್ ತಪ್ಪು ತೋರಿಸಿದ್ದಕ್ಕೆ ಇಲ್ಲಿಗೇ ಬಿದ್ದಿತ್ತು ನೋಡು, ಬೆತ್ತ. ಏನೋ ಪುರುಷಿ, ನೀನು ಪಕ್ಕದಲ್ಲೇ ಕೂತಿದ್ದೆಯಲ್ಲೋ!"

ಮೂವರೂ ನನ್ನ ಮುಖವನ್ನೇ ನೋಡಿದರು.

"ಆ ಪೈಪಿನ ಹೊಗೆ ವಾಸನೆ ಮರೆಯಕ್ಕಾಗುತ್ತಾ!" ಅಂದೆ.

ಎಲ್ಲಿಂದ ಬಂತೋ ಆ ಪೈಪು. ಎಲ್ಲರೂ ನಕ್ಕರು. ನಾನೂ ನಕ್ಕೆ. ರಾಜೀವ ಹಳೆಯ ಸ್ಟಾಫ್ ಫೋಟೋ ತಂದ. ತುದಿಯಲ್ಲೊಬ್ಬ ಬಿಳಿಯ. ಇವನೇ ಅಂದರು. ಕನ್ನಡಕ ಹಾಕಿ ನೋಡಿದೆ, ತೆಗೆದು ನೋಡಿದೆ. ಈ ಮುಖವನ್ನು ನಾನು ಹುಟ್ಟಿದಾಗಿಂದ ನೋಡಿಲ್ಲ.

ಮೂವರಿಗೂ ನೆನಪಿದೆ. ನನಗೊಬ್ಬನಿಗೇ ಇಲ್ಲ.

ಶುಕ್ರವಾರ, 14 ಮಾರ್ಚ್

ಹತ್ತು ಎಂಎಂ ಬೋಲ್ಟಿನ ರೇಟು ಕೇಳಿದ ಒಬ್ಬ ಗಿರಾಕಿ. ಬಾಯಿ ತೆರೆದೆ. ಏನೂ ಇಲ್ಲ. ಕೌಂಟರ್‌ನಲ್ಲಿ ಕೆಲಸ ಮಾಡುವ ಕಮಾವು ಹಿಂದಿನಿಂದ ಹೇಳಿ ಮಾನ ಉಳಿಸಿದ. "ಸವಾ, ಬಾಸ್?" ಅಂದ ಆಮೇಲೆ, ಎಲ್ಲಾ ಸರಿ ತಾನೇ ಅಂತ ಸ್ವಾಹಿಲಿಯಲ್ಲಿ. ಸವಾ ಅಂದೆ.

ಮಧ್ಯಾಹ್ನ ನರದ ಡಾಕ್ಟರ ಹತ್ತಿರ ಹೋದೆ. ಅಂದರೆ ಆಸ್ಪತ್ರೆಯ ಪಾರ್ಕಿಂಗ್‌ವರೆಗೆ. ಅಲ್ಲೇ ಕಾರಿನಲ್ಲಿ ಕೂತು ಬೋಲ್ಟಿನ ರೇಟುಗಳನ್ನು ಮಗ್ಗಿಯ ಹಾಗೆ ಹೇಳಿಕೊಂಡೆ. ಪಾರ್ಕಿಂಗ್ ಫೀಸ್ ಕೊಟ್ಟು ವಾಪಸ್.

"ಯಾಕ್ರೀ ಹೀಗಿದ್ದೀರಾ?" ಅಂದಳು ಶಾಂತಾ. ಕೂಟದ ಟೆನ್ಷನ್ನು ಅಂದೆ.

ಸೋಮವಾರ, 24 ಮಾರ್ಚ್

ಮುಗಿಯಿತು. ಲಾಯರ್ ಆಫೀಸಿನಲ್ಲಿ ಅಂಗಡಿ, ಕಟ್ಟಡ ಎರಡನ್ನೂ ಮಗ ಅಮೋಘ್ ಹೆಸರಿಗೆ ಬರೆದುಕೊಟ್ಟೆ. ನನ್ನ ಸೈನು ನನಗೇ ಗುರುತು ಸಿಗುವಾಗಲೇ ಹಾಕಿಬಿಡುವುದು ಮೇಲು. ಅಪ್ಪನ ಹಾಗೆ ದಾರಿಹೋಕನಿಗೆ ಹಾಕಿಕೊಡುವುದಕ್ಕಿಂತ ಮಗನಿಗೆ.

"ಆರ್ ಯು ಶ್ಯೂರ್, ಪಪ್ಪಾ?" ಎಂದು ಮೂರು ಸಲ ಕೇಳಿದ.

"ಸುಸ್ತಾಗಿದೆಯಪ್ಪ. ಸಾಕು ಈ ವ್ಯಾಪಾರ" ಅಂದೆ. ಚೆನ್ನಾಗಿಯೇ ಹೇಳಿದೆ. ಲಾಯರಿಗೂ ಕಣ್ಣು ತುಂಬಿತು. ಇಷ್ಟು ವರ್ಷ ಮಾತಿನಲ್ಲೇ ಮಾರಿದವನಲ್ಲವೇ.

ಶನಿವಾರ, 29 ಮಾರ್ಚ್

ತುಂಬಾ ಹೊತ್ತಾಗಿದೆ. ಆದರೂ ಬರೆಯಬೇಕು.

ಹಾಲ್ ತುಂಬಿತ್ತು. ಸ್ಕ್ರೀನ್ ಮೇಲೆ ಒಬ್ಬೊಬ್ಬರಾಗಿ ಮೇಷ್ಟ್ರುಗಳು. ತೀರಿಕೊಂಡವರಿಗೆ ಒಂದೊಂದು ನಿಮಿಷ ಮೌನ. "ಭೂಗೋಳ, ಮಿಸ್ಟರ್ ಡೇವಿಸ್" ಎಂದು ಮೈಕಿನಲ್ಲಿ ರಾಜೀವ. ಎಲ್ಲರೂ ಎದ್ದು ನಿಂತರು. ಮುಂದಿನ ಸಾಲಿನಲ್ಲಿ, ವೀಲ್‌ಚೇರಿನಲ್ಲಿ, ಜಯಲಕ್ಷ್ಮಿ ಟೀಚರ್. ಮೌನದ ನಡುವೆಯೇ ದನಿ ಬಂತು. ಆ ದನಿ ಒಂದಿಷ್ಟೂ ಮುದಿಯಾಗಿಲ್ಲ.

"ಯಾರೋ ಇವನು ಡೇವಿಸು?"

ಬಗ್ಗಿ ಹೇಳಿದೆ, "ಭೂಗೋಳದವರು, ಟೀಚರ್."

"ಇವನಾ? ಇವನು ಪಿಯಾನೋ ರಿಪೇರಿಗೆ ಬಂದೋನು ಕಣೋ. ಫೋಟೋದವನು ಎಲ್ಲಾ ನಿಂತ್ಕೊಳಿ ಅಂದ, ಇವನೂ ನಿಂತ್ಕೊಂಡ!"

"ಮತ್ತೆ ಭೂಗೋಳ ಯಾರು, ಟೀಚರ್?"

"ಯಾರೂ ಇರಲಿಲ್ಲ. ಇದ್ದೋನು ಈ ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೆ ಇಂಗ್ಲೆಂಡಿಗೆ ಹೋದ, ಅವನ ಜಾಗಕ್ಕೆ ಇನ್ನೊಬ್ಬ ಬರಲೇ ಇಲ್ಲ. ಆ ಪೀರಿಯಡ್ಡಲ್ಲಿ ನಾನೇ ಬಂದು ನಿಮ್ಮ ಕೈಲಿ ಲಾಭ-ನಷ್ಟದ ಲೆಕ್ಕ ಮಾಡಿಸ್ತಿದ್ದೆ. ಅದೂ ಮರೆತ್ಯಾ, ದಡ್ಡ?"

ಮ್ಯಾಪಿನ ಮುಂದೆ ಮನುಷ್ಯ ಇರಲೇ ಇಲ್ಲ. ನನ್ನ ತಲೆ ಸರಿಯಾಗಿಯೇ ಖಾಲಿ ತೋರಿಸಿತ್ತು.

ಊಟದ ಸಾಲಿನಲ್ಲಿ ಚಕ್ರಪಾಣಿಯನ್ನು ಹಿಡಿದೆ. "ಬೆತ್ತದ ಏಟು ಬಿತ್ತಲ್ಲೋ ನಿಂಗೆ?"

ತಟ್ಟೆ ನೋಡುತ್ತಾ ಹೇಳಿದ, "ನಿಮ್ಮೆಲ್ಲರಿಗೂ ನೆನಪಿದೆ, ನನಗೊಬ್ಬನಿಗೇ ಇಲ್ಲ ಅಂದ್ಕೊಂಡೆ ಕಣೋ. ನಮ್ಮಣ್ಣನಿಗೆ ಆಗಲೇ ಶುರುವಾಗಿದೆ. ಅದಕ್ಕೆ ಹೆದರಿ..." ಮೆಲ್ವಿನ್ನೂ ಅದೇ. ಹೆಸರು ಕಟ್ಟಿದ್ದೇ ಅವನು. ರಾಜೀವ ಬೆಳಗಿನ ಜಾವದವರೆಗೆ ಹಳೆ ಮ್ಯಾಗಜೀನ್ ಹುಡುಕಿದ್ದನಂತೆ. ನಾಲ್ಕು ಮುದುಕರು ಒಬ್ಬರಿಗೊಬ್ಬರು ಹೆದರಿ ಒಬ್ಬ ಮೇಷ್ಟ್ರನ್ನು ಹುಟ್ಟಿಸಿ, ಪೈಪು ಸೇದಿಸಿ, ಸಾಯಿಸಿ ಎದ್ದು ನಿಂತಿದ್ದೆವು.

ಅವರು ಮೂವರೂ ಕಣ್ಣೀರು ಬರುವಷ್ಟು ನಕ್ಕರು. ಅವರು ಏನನ್ನೂ ಸೈನ್ ಮಾಡಿಲ್ಲ.

ಭಾನುವಾರ, 30 ಮಾರ್ಚ್. ಯುಗಾದಿ

ಬೇವು-ಬೆಲ್ಲ ಆಯಿತು. ಅಮೋಘ್ ಬಂದ, ಲ್ಯಾಪ್‌ಟಾಪ್ ತೆರೆದ. ಅಂಗಡಿಯಿದ್ದ ಕಡೆ ಕಾಫಿ ಶಾಪು. ಗೋದಾಮಿದ್ದ ಕಡೆ ಜಿಮ್ಮು. ಸ್ಟಾಕ್ ಎಲ್ಲಾ ಒಟ್ಟಿಗೆ ಕೊಳ್ಳುವವನು ಸಿಕ್ಕಿದ್ದಾನಂತೆ, ನಾಳೆಯೇ ಲಾರಿ.

"ಇಷ್ಟು ಬೇಗ ಯಾಕಪ್ಪ?"

"ಯು ಸೆಡ್ ಯು ವರ್ ಟೈರ್ಡ್, ಪಪ್ಪಾ. ಯು ಡಿಸರ್ವ್ ಇಟ್." ಕಣ್ಣಲ್ಲಿ ಬರೀ ಪ್ರೀತಿ.

ನಿಲ್ಲಿಸು ಅನ್ನಬೇಕಾದರೆ ಯಾಕೆ ಸೈನ್ ಹಾಕಿದೆ ಅಂತ ಹೇಳಬೇಕು. ಇಲ್ಲದ ಮೇಷ್ಟ್ರು ನೆನಪಾಗಲಿಲ್ಲ ಅಂತ ಹೆದರಿ ಅಂಗಡಿ ಕೊಟ್ಟೆ ಅಂದರೆ, ಆ ಪಾರ್ಕಿಂಗ್ ದಾಟಿ ಡಾಕ್ಟರ ರೂಮಿಗೇ ಕರೆದುಕೊಂಡು ಹೋಗುತ್ತಾನೆ.

ಯಾರಿಗೆ ಏನು ಬಂತು:

ಹಾಲ್‌ನವನಿಗೆ ಬಾಡಿಗೆ.

ಟೀಚರ್‌ಗೆ ಶಾಲು.

ಪಿಯಾನೋದವನಿಗೆ ಮೌನ, ಅರ್ಧ ನಿಮಿಷ.

ರಾಜೀವ, ಮೆಲ್ವಿನ್, ಚಕ್ರಪಾಣಿ — ನಿದ್ದೆ.

ಅಮೋಘ್‌ಗೆ ಅಂಗಡಿ.

ನನಗೆ ನನ್ನ ತಲೆ ವಾಪಸ್. ಪೂರ್ತಿ. ಹತ್ತು ಎಂಎಂ ಬೋಲ್ಟಿನ ರೇಟು ಸಹಿತ. ನಾಳೆ ಬೆಳಗ್ಗೆ ಇದನ್ನು ಹೊತ್ತುಕೊಂಡು ನಾನು ಎಲ್ಲಿಗೆ ಹೋಗಲಿ?