ವ್ಯಾನಿನ ಎಂಜಿನ್

ಇವಳೇ,

ನೀನು ಹೋದ ಮೇಲೆ ಮೂಲೆ ಸೇರಿದ್ದ ನಮ್ಮ ಎರಡು ಸೀಟಿನ ಸ್ಪೋರ್ಟ್ಸ್ ಕಾರಿಗೆ ಇವತ್ತು ಜೀವ ಬಂತು. ಹಳೇ ಎಂಜಿನ್ ಒಡೆದಿತ್ತು, ಬಿಡಿಭಾಗ ಎಲ್ಲೂ ಸಿಗಲಿಲ್ಲ. ಕೊನೆಗೆ ನಿನ್ನ ತಮ್ಮ ಯಾವುದೋ ವ್ಯಾನಿನ ಎಂಜಿನ್ ತಂದ. ಮನೆಯ ಶೆಡ್ಡಿನಲ್ಲೇ ಇಬ್ಬರೂ ಸೇರಿ ಕೂರಿಸಿದೆವು. ಕುದುರೆಗೆ ಎಮ್ಮೆಯ ಗುಂಡಿಗೆ! ನೆಸೆಸಿಟಿ ಈಸ್ ದಿ ಮದರ್ ಆಫ್... ಯಾರ ತಾಯಿಯೋ, ಕಾಲೇಜಿನಲ್ಲಿ ಓದಿದ್ದು ಮರೆತಿದೆ.

ಅದರ ಗೇರ್‌ಬಾಕ್ಸ್ ಮಾತ್ರ ದಪ್ಪ. ಕಾರಿನ ತಳ ಕೊಯ್ದು ಜಾಗ ಮಾಡಿದರೂ ನಿನ್ನ ಸೀಟಿಗೆ ಅಡ್ಡ ಬರುತ್ತಿತ್ತು.

“ಭಾವ, ಈ ಸೀಟು ತೆಗೀಲೇಬೇಕು. ಹೆಂಗೂ ನೀವೊಬ್ರೇ ತಾನೆ...” ಎಂದವನು ನಾಲಿಗೆ ಕಚ್ಚಿಕೊಂಡ.

ಟೇಪು ಹಿಡಿದು ಮತ್ತೆ ಮತ್ತೆ ಅಳೆದೆ. ಅಳೆದರೆ ಕಬ್ಬಿಣ ಕರಗುತ್ತದೆಯೇ? “ತೆಗಿಯಪ್ಪಾ,” ಎಂದೆ. ಬೋಲ್ಟು ಬಿಚ್ಚುವಾಗ ಅವನು ನನ್ನ ಮುಖ ನೋಡಲಿಲ್ಲ.

ಸಂಜೆ ಕೀಲಿ ತಿರುಗಿಸಿದರೆ ಒಂದೇ ಸಲಕ್ಕೆ ಸ್ಟಾರ್ಟ್! ನಿನ್ನ ತಮ್ಮ ಈ ವಯಸ್ಸಿನಲ್ಲಿ ಕುಣಿದೇಬಿಟ್ಟ. ನನಗೂ ಖುಷಿ ತಡೆಯಲಾಗಲಿಲ್ಲ.

“ಬಾರೋ, ಒಂದು ರೌಂಡ್ ಹೋಗಿಬರೋಣ!”

“ಎಲ್ಲಿ ಕೂತ್ಕೊಳ್ಳಲಿ, ಭಾವ?”

ಎಂಜಿನ್ ಗುರುಗುಟ್ಟುತ್ತಲೇ ಇತ್ತು. ಒಬ್ಬನೇ ಹೊರಡಲು ಮನಸ್ಸಾಗದೆ, ಆಫ್ ಮಾಡಲೂ ಕೈ ಬಾರದೆ, ಸ್ಟೀರಿಂಗ್ ಹಿಡಿದು ಹಾಗೇ ಕೂತಿದ್ದೆ.