ಮದುವೆಯ ಮೇಜಿನ ಕೆಳಗೆ

ರೀಬೆ, ಡೆನ್ಮಾರ್ಕ್
ಜೂನ್ ೯, ಭಾನುವಾರ

ಪ್ರೀತಿಯ ಬೋದಿಲ್,

ತೆರೆ ಏಳುವ ಮೊದಲೇ ಹೇಳಿಬಿಡುತ್ತೇನೆ: ಈ ನಾಟಕದ ಖಳನಾಯಕ ನಾನೇ!

ನಿನ್ನೆ ತಂಗಿ ಡಿಟ್ಟೆಯ ಮದುವೆಯೂಟಕ್ಕೆ, ಮೊದಲ ಬಾರಿ, ನಿನ್ನನ್ನು ನಮ್ಮವರ ನಡುವೆ ಕರೆತಂದೆ. ನಂಟರೆಲ್ಲ ಚಾಕು ಚಮಚಗಳಿಂದ ತಟ್ಟೆ ಬಡಿದರು. ನಮ್ಮ ಪದ್ಧತಿಯಂತೆ, ಹಾಗೆ ಬಡಿದಾಗಲೆಲ್ಲ ಮದುಮಕ್ಕಳು ಕುರ್ಚಿ ಹತ್ತಿ ಮುತ್ತಿಟ್ಟರು. ಅಬ್ಬಬ್ಬಾ, ಅದೇನು ರಣಭೇರಿ! ಆಟಿಸಂ ಇರುವ ನಮ್ಮಿಬ್ಬರ ಕಿವಿಗೂ ಅದು ಗರಗಸ. ನೀನು ಸದ್ದು ತಡೆಯುವ ಆ ದಪ್ಪ ನೀಲಿ ಕಿವಿಕವಚವನ್ನು ಚೀಲದಿಂದ ತೆಗೆದು ಶಾಂತವಾಗಿ ತೊಟ್ಟೆ. ನಾನು ಹಲ್ಲು ಕಚ್ಚಿ, ಎಲ್ಲರಂತಿರುವವನ ಪಾತ್ರ ಮಾಡುತ್ತಿದ್ದೆ.

"ಏನೋ ಆಸ್ಗರ್, ಕಿವಿಗೆ ಅದನ್ನ ಹಾಕ್ಕೊಂಡು ಈಯಮ್ಮ ಇಲ್ಲಿ ವಿಮಾನ ಇಳಿಸ್ತಾಳೇನೋ?" ಎಂದು ಪ್ರೆಬೆನ್ ಮಾವ ಕೂಗಿದರು. ಮೇಜೆಲ್ಲ ನಕ್ಕಿತು. ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ. ಹವ್ಯಾಸಿ ರಂಗದಲ್ಲಿ ಕಲಿತ ರಾಜನ ನಗು!

"ಯಾರೋ ಇವಳು ನಿಂಗೆ?"

"ಯಾರೂ ಅಲ್ಲ ಮಾವ. ನಮ್ ನಾಟಕದ ತಂಡದೋಳು."

ಕವಚದೊಳಗೂ ಅದು ನಿನಗೆ ಕೇಳಿಸಿತು. ನನ್ನ ಹಾಳು ಕಂಠ, ಪ್ರೇಕ್ಷಕರ ಕೊನೆಯ ಸಾಲಿಗೂ ಮುಟ್ಟುತ್ತದೆ. ನೀನು ಆಲೂಗಡ್ಡೆ ತಿಂದು ಮುಗಿಸಿ, ಅಮ್ಮನಿಗೆ ಊಟ ಚೆನ್ನಾಗಿತ್ತೆಂದು ಹೇಳಿ, ರೈಲಿಗೆ ಹೊರಟುಹೋದೆ.

ಆಮೇಲೆ ಎಲ್ಲರೂ ನೆಲಕ್ಕೆ ಕಾಲು ಬಡಿದರು. ಹಾಗೆ ಬಡಿದರೆ ಮದುಮಕ್ಕಳು ಮೇಜಿನ ಕೆಳಗೆ ನುಸುಳಿ ಮುತ್ತಿಡಬೇಕಲ್ಲ? ನುಸುಳಿದರೆ ಅಲ್ಲಿ ಕಿವಿ ಮುಚ್ಚಿ ಕುಳಿತ ನಾನು! ಮದುಮಗ ಬೆಚ್ಚಿಬಿದ್ದ. ಡಿಟ್ಟೆ ಮಾತ್ರ, "ಅಣ್ಣಾ, ನೀನು ನಗೋದು ಹಂಗಲ್ಲ ಕಣೋ. ಅವಳ ಜೊತೆ ಫೋನಲ್ಲಿ ನಗ್ತೀಯಲ್ಲ, ಅದು ನಿಂದು," ಅಂದಳು.

ಸಿಡಿಲೆರಗಿದಂತಾಯಿತು. ಹೊರಬಂದೆ, ಕುರ್ಚಿ ಹತ್ತಿದೆ, ತೊಡೆ ತಟ್ಟಿದೆ: "ಕೇಳಿ ಮಾವ! ಬೋದಿಲ್ ನನ್ನ ಪ್ರೇಯಸಿ! ಅವಳ ಕಿವಿ ಹೇಗೋ ನನ್ನ ಕಿವಿಯೂ ಹಾಗೇ!" ಮಾವ ತಲೆ ತಗ್ಗಿಸಿದರು.

ಕ್ಷಮಿಸು ಎನ್ನಲು ಮುಖವಿಲ್ಲ. ಮತ್ತೆ ನನ್ನ ಪಕ್ಕ ಕೂರುತ್ತೀಯಾ?

ನಾಚಿಕೆಯಲ್ಲಿ ಬೇಯುತ್ತಿರುವ ನಿನ್ನ
ಆಸ್ಗರ್

ತಾ.ಕ.: ಕುರ್ಚಿ ಹತ್ತಿದ್ದು ಸುಳ್ಳು. ಆ ಮಾತನ್ನು ಮೇಜಿನ ಕೆಳಗೆ ಕೂತು ಕಟ್ಟಿದೆ, ಅಷ್ಟೇ. ಹೊರಬಂದಾಗ ಮಾವ ಕುಣಿಯುತ್ತಿದ್ದರು. ನನ್ನ ದನಿಯೇ ಹೊರಡಲಿಲ್ಲ. ಈಗ ಅವರು ಕೆಳಗೆ ಅಮ್ಮನ ಜೊತೆ ಕಾಫಿ ಕುಡಿಯುತ್ತಿದ್ದಾರೆ. ಆ ಮಾತನ್ನು ಹೇಳಲು ಇಳಿದು ಹೋಗುತ್ತೇನೆ. ಹೇಳಲಾಗದಿದ್ದರೆ ಈ ಪತ್ರವನ್ನು ಹರಿದುಹಾಕುತ್ತೇನೆ. ನೀನಿದನ್ನು ಓದುತ್ತಿದ್ದರೆ, ಹೇಳಿದ್ದೇನೆ.