ತೋರಬೇಲೆಯ ಫೋಟೊ ಮಗುಚಿದ್ದು ಹೌದೇ?

ಎರಡು ಸಾವಿರದ ನೂರ ಎಂಬತ್ತೇಳನೆಯ ಇಸವಿ, ಶ್ರಾವಣ ಶುದ್ಧ ಏಕಾದಶಿ
ಮೇಲುಕೇರಿ, ತೋರಬೇಲೆ

ಪ್ರಮೀಳಾ ಶೇಟ್ ಅವರಿಗೆ ತುಳಸು ಹರಿಕಂತ್ರ ಮಾಡುವ ನಮಸ್ಕಾರ.

ಇಂದು ಉಪವಾಸ. ಬೆಳಗ್ಗೆ ಎದ್ದು ಉಪ್ಪುಗಾಜು ಒರೆಸಿದೆ. ಕಡಲ ನೀರನ್ನು ಸಿಹಿ ಮಾಡುವ ಹಲಗೆಗೆ ನಾವು ಹಾಗೆನ್ನುತ್ತೇವೆ. ಒಂದು ದಿನ ಒರೆಸದಿದ್ದರೆ ಮನೆಗೆ ಕುಡಿಯುವ ನೀರಿಲ್ಲ. ಬಲೆಗೆ ಸಿಕ್ಕಿದ ಪಾಚಿ ಬಿಡಿಸಿ, ತುಳಸಿಗೆ ನೀರು ಹಾಕಿ, ಮನೆಯವರಿಗೆ ಗಂಜಿ ಬಡಿಸಿ ಈಗ ಕೂತಿದ್ದೇನೆ. ನನ್ನ ಮಾತು ವಿಚಿತ್ರ ಕಂಡರೆ ಮನ್ನಿಸಿ. ಓದಿದ್ದು ಊರ ಶಾಲೆಯಲ್ಲಿ ಏಳರವರೆಗೆ. ಹೀಗೆ ಕಾಲ ದಾಟಿ ಹಿಂದಕ್ಕೆ ಹೋಗುವ ಕಾಗದಕ್ಕೆ ಹಿಂದೋಲೆ ಎನ್ನುತ್ತಾರೆ. ಅದು ಹೇಗೆ ತಲುಪುತ್ತದೋ ನನಗೆ ತಿಳಿಯದು. ಹಚ್ಚಿದ ದೀಪ ದೇವರಿಗೆ ಹೇಗೆ ತಲುಪುತ್ತದೆ ಎಂದೂ ನಾನು ಕೇಳಿದವಳಲ್ಲ. ನಿಮ್ಮನ್ನು ಅಜ್ಜಿಯ ಅಜ್ಜಿ ಎನ್ನಬೇಕಿತ್ತು. ಫೋಟೊ ತೆಗೆಯುವವರ ಬಳಗದ ಪುಟದಲ್ಲಿ ನಿಮ್ಮ ವಯಸ್ಸು ಮೂವತ್ತೆರಡು ಎಂದಿದೆ. ಅಕ್ಕ ಎಂದೇ ಕರೆಯುತ್ತೇನೆ.

ನೀವು ಹೊಸ ಕ್ಯಾಮೆರಾದಲ್ಲಿ ತೆಗೆದ ತೋರಬೇಲೆಯ ಸಂಜೆಯ ಫೋಟೊ ನಮ್ಮ ಭಜನೆಮನೆಯಲ್ಲಿ ದೇವರ ಪಕ್ಕದಲ್ಲೇ ಇದೆ. ಬೆಳ್ಳಗಿನ ಮರಳು, ಬಾಗಿದ ತೆಂಗು, ನಡುವೆ ಅಳಿವೆ, ಬೇಲೆಯಮ್ಮನ ಕಲ್ಲು, ಅದರ ಹತ್ತಿರ ಮೀನು ಬುಟ್ಟಿ ಹೊತ್ತ ಹೆಂಗಸು. ಅದೆಲ್ಲ ಈಗ ಆರು ಮಾರು ನೀರಿನಡಿ. ಆದರೂ ನೂಲಹುಣ್ಣಿಮೆಯಂದು ಆ ಕಲ್ಲಿದ್ದ ನೇರಕ್ಕೆ ಕಾಯಿ ಬಿಡದೆ ಇಲ್ಲಿ ಯಾವ ದೋಣಿಯೂ ಬಲೆ ಹಾಕುವುದಿಲ್ಲ. ಫೋಟೊದಲ್ಲಿ ಕಡಲು ಎದುರಿಗಿದೆ, ಕಲ್ಲು ಅಳಿವೆಯ ಬಲಕ್ಕಿದೆ, ಅಂದರೆ ಬಡಗು ದಿಕ್ಕಿಗೆ. ನಾವು ಅಲ್ಲಿ ಬಿಡುತ್ತೇವೆ. ಕೆಳಕೇರಿಯವರು ಹಿರಿಯರ ಮಾತು ಹಿಡಿದು ತೆಂಕಿಗೆ ಬಿಡುತ್ತಾರೆ. ದೇವಿಯ ಜಾಗ ತಪ್ಪಿಸಿದವರ ಮನೆಯಲ್ಲಿ ಉಣ್ಣಬಾರದೆಂದು ಇವರು ಅವರ ಮನೆಗೆ ಹೋಗುವುದಿಲ್ಲ, ಅವರು ಇವರ ಮನೆಗೆ ಬರುವುದಿಲ್ಲ. ಈ ಹಟ ಬಲಿಯುವ ಮೊದಲು ಕೆಳಕೇರಿಗೆ ಕೊಟ್ಟ ನನ್ನ ಮಗಳು ಸುಗಂಧಿ ತವರಿನ ಮೆಟ್ಟಿಲು ಹತ್ತಿ ಆರು ವರ್ಷವಾಯಿತು. ಅವಳ ಮಗುವನ್ನು ನಾನು ಕಂಡದ್ದು ದೋಣಿಯಿಂದ, ದೂರದಿಂದ.

ಹೋದ ವಾರ ಶಾಲೆಯ ಅಕ್ಕೋರು ಆ ಫೋಟೊದ ಅಡಿಯಲ್ಲಿ ನಿಮ್ಮ ಬಳಗದವರು ಆಡಿದ ಮಾತುಗಳನ್ನು ಹುಡುಕಿ ತಂದುಕೊಟ್ಟರು. ಓದುತ್ತಾ ಒಬ್ಬಳೇ ನಕ್ಕಿದ್ದೇನೆ. ಶಾಂತಾರಾಮ ಮೇಸ್ತರು ನಿಮ್ಮಲ್ಲಿ ಹಿರಿಯರಿರಬೇಕು. "ಕಡಲು ವಾಲಿದ್ಯೋ, ನೀವೇ ವಾಲಿ ನಿಂತಿದ್ರೋ? ನೀರು ಚೆಲ್ಲಿಹೋಗ್ತದೆ, ಹಿಡ್ಕೊಳ್ಳಿ" ಎಂದು ಅವರು. ಕಾಲಡಿ ಏಡಿ ಬಂದಿತ್ತು ಎಂದು ನೀವು. ಏಡಿಯ ಫೋಟೊ ಇದಕ್ಕಿಂತ ಚೆನ್ನಾಗಿ ಬರುತ್ತಿತ್ತು ಎಂದು ಇನ್ನೊಬ್ಬರು. ಬುಟ್ಟಿಯ ಹೆಂಗಸು ಕಣ್ಣಿಗೆ ಅಡ್ಡ, ಕತ್ತರಿಸಿ ಎಂದು ಮೇಸ್ತರು ಅಂದಾಗ ಮಾತ್ರ ನೀವು ಒಪ್ಪಲಿಲ್ಲ. "ನಂದೂ ಒಂದು ತೆಗಿ ಮಗಾ ಅಂತ ಬಾಯಿಬಿಟ್ಟು ಕೇಳಿದವ್ಳು, ಹೇಗೆ ಕತ್ತರಿಸ್ಲಿ ಸರ್?" ಎಂದಿರಿ. ಅಕ್ಕ, ಆ ಮಾತಿಗೆ ನಿಮ್ಮ ಮೇಲೆ ಪ್ರೀತಿ ಬಂತು.

ಆಮೇಲೆ ಮೇಸ್ತರದು ಕಡೆಯ ಸಲಹೆ. ಫೋಟೊವನ್ನು ಎಡಬಲ ಮಗುಚಿದರೆ ನೋಟ ಸರಾಗವಾಗುತ್ತದೆ, ಸಮುದ್ರಕ್ಕೆ ಎಡ ಯಾವುದು ಬಲ ಯಾವುದು, ಯಾರಿಗೆ ಗೊತ್ತಾಗಬೇಕು ಎಂದು. ಮಗುಚಿ ನೋಡುತ್ತೇನೆ ಎಂದಿರಿ. ಮಾತು ಅಲ್ಲಿಗೆ ಮುಗಿದಿದೆ. ನಮಗೆ ಉಳಿದದ್ದು ಒಂದೇ ಫೋಟೊ. ಅದು ಮಗುಚುವ ಮೊದಲಿನದೋ, ಮಗುಚಿದ ಮೇಲಿನದೋ, ಎಲ್ಲೂ ಬರೆದಿಲ್ಲ.

ಭಜನೆಮನೆಗೆ ಹೋಗಿ ದೀಪ ಹಿಡಿದು ನೋಡಿದೆ. ಇಷ್ಟು ವರ್ಷ ಎಲ್ಲರೂ ಕಲ್ಲನ್ನೇ ನೋಡಿದ್ದು. ನಾನು ಆ ಹೆಂಗಸನ್ನು ನೋಡಿದೆ. ಅವಳ ಸೆರಗು ಬಲ ಹೆಗಲ ಮೇಲಿದೆ. ನಮ್ಮ ಕಡಲಕರೆಯಲ್ಲಿ ಸೆರಗು ಆಗಲೂ ಎಡಕ್ಕೆ, ಈಗಲೂ ಎಡಕ್ಕೆ. ಮಗುಚಿದ್ದಾದರೆ ಕಲ್ಲು ಇದ್ದದ್ದು ತೆಂಕಿಗೆ. ಕೆಳಕೇರಿಯವರದೇ ಸರಿ.

ಮನೆಯವರಿಗೆ ಹೇಳಿದೆ. ಅವರು ನಮ್ಮ ಕೇರಿಯ ಯಜಮಾನರು, ಕಾಯಿ ಬಿಡುವ ಕೈ ಅವರದು. "ಒಂದ್ ಹೆಂಗಸಿನ ಸೆರಗ್ ನೋಡ್ಕಂಡೆ ದೇವ್ರ ಜಾಗ ಬದ್ಲ ಮಾಡೂಕಾತದ್ಯೇನೆ? ಬುಟ್ಟಿ ಹೊರೂಕೆ ಆಚೆ ಹಾಕಂಡಿರ್ಬೋದು" ಎಂದರು. ಸುಳ್ಳೆನ್ನಲಾರೆ, ಹಾಕಿಕೊಂಡಿರಬಹುದು. ತೆಗೆದವರೇ ಹೇಳಲಿ, ತಲೆಬಾಗುತ್ತೇನೆ ಎಂದೂ ಅವರೇ ಅಂದರು.

ಅದಕ್ಕೇ ಈ ಓಲೆ. ಹುಣ್ಣಿಮೆಗೆ ನಾಲ್ಕು ದಿನವಿದೆ. ಮಗುಚಿದ್ದು ಹೌದೋ ಅಲ್ಲವೋ, ಒಂದು ಸಾಲು ಬರೆಯಿರಿ. ತಪ್ಪಾಯಿತೆಂದು ನೊಂದುಕೊಳ್ಳಬೇಡಿ, ಚೆಂದ ಕಾಣಲೆಂದು ಮಾಡಿದ್ದನ್ನು ತಾಯಿ ಕ್ಷಮಿಸುತ್ತಾಳೆ. ಹೌದಾದರೆ ಮೊದಲ ಕಾಯಿಯ ಜೊತೆ ನಾನೂ ತೆಂಕಿಗೆ ಹೋಗಿ, ಇಷ್ಟು ವರ್ಷ ಬೇರೆ ಬಾಗಿಲಲ್ಲಿ ನಿಂತು ಕರೆದೆವಮ್ಮಾ ಎಂದು ಕೈ ಮುಗಿಯುತ್ತೇನೆ.

ಉತ್ತರ ಬಂದು ಬೀಳುವುದು ಕೆಳಕೇರಿಯ ಶಾಲೆಯ ಪೆಟ್ಟಿಗೆಗೆ. ಮೇಲೆ ಯಾರ ಹೆಸರಿದೆಯೋ ಅವರೇ ಅದನ್ನು ಒಯ್ದು ಮುಟ್ಟಿಸಬೇಕು, ಅವರನ್ನು ಯಾವ ಕೇರಿಯೂ ತಡೆಯುವಂತಿಲ್ಲ. ಹಿಂದೋಲೆಯ ಕಟ್ಟಳೆ ಅದು. ಒಳಗೆ ನಿಮಗೆ ನಿಜ ಕಂಡದ್ದನ್ನು ಬರೆಯಿರಿ, ಅಕ್ಕ. ಹೊರಗೆ ಮಾತ್ರ ನಾನು ಹೇಳಿದಂತೆ ಬರೆಯಿರಿ: ಸುಗಂಧಿ, ಮಗುವನ್ನು ಕರೆದುಕೊಂಡು ಬಂದು ಇದನ್ನು ನಿನ್ನ ಅವ್ವಿಯ ಕೈಗೆ ಕೊಡುವುದು.